ಲಂಗರುಹುಳುವಿನ ಅಂಗರಚನೆ: ಭದ್ರೆಯಿಂದ ಬುಕ್ಕಸಾಗರದವರೆಗೆ ಒಂದು ಅರಿವಿನ ಚರಿತ್ರೆ

೧. ಪ್ರಸ್ತಾವನೆ

ಹಂಪಿಯ ಬಂಡೆಗಳ ನಡುವೆ ಹಾದುಬಂದ ತುಂಗಭದ್ರೆ ಕಂಪ್ಲಿಯ ಕಡೆಗೆ ಸಾಗುವಾಗ ಅದರ ಬಲದಂಡೆಯಲ್ಲಿ ಬುಕ್ಕಸಾಗರವಿದೆ. ಬುಕ್ಕನ ಹೆಸರನ್ನು ಹೊತ್ತ ಈ ಊರಿನ ಸುತ್ತಣ ಪ್ರದೇಶದ ಚರಿತ್ರೆಯನ್ನು ರಚಿಸಿದ ವಿದ್ವಾಂಸರು ಶಾಸನ, ದೇವಾಲಯ, ಕೋಟೆ, ಕಾಲುವೆ, ಪ್ರವಾಸಿಗರ ಬರಹ ಮೊದಲಾದವುಗಳನ್ನು ಆಕರಗಳನ್ನಾಗಿ ಬಳಸಿಕೊಂಡಿದ್ದಾರೆ. ಆದರೆ ನದಿಯೊಳಗಿನ ಜೀವಿಗಳನ್ನು ಚರಿತ್ರೆಯ ಆಕರಗಳೆಂದು ನೋಡಿದ ಪ್ರಯತ್ನಗಳು ವಿರಳ. ಪ್ರಸ್ತುತ ಪ್ರಬಂಧವು ಅಂತಹ ಒಂದು ಜೀವಿಯನ್ನು ಕುರಿತದ್ದು. ಗೆಂಡೆ ವರ್ಗದ ಮೀನುಗಳ ಮಾಂಸದೊಳಕ್ಕೆ ತಲೆಯನ್ನು ನೆಟ್ಟು, ಉಳಿದ ಮೈಯನ್ನು ಹೊರಗೆ ಇಳಿಬಿಟ್ಟು ಬದುಕುವ ಈ ಪರಾವಲಂಬಿಯನ್ನು ಮೀನುಸಾಕಣೆಯ ಕನ್ನಡ ‘ಲಂಗರುಹುಳು’ ಎಂದು ಕರೆದಿದೆ. ಪ್ರಾಣಿಶಾಸ್ತ್ರದಲ್ಲಿ ಇದರ ಕುಲನಾಮ ‘ಲರ್ನಿಯ’.

ಇದು ಲಂಗರಿನಂತೆ ನೆಟ್ಟುಕೊಳ್ಳುವುದು ನಿಜ. ಆದರೆ ಇದು ಹುಳುವಲ್ಲ. ಸಿಗಡಿ, ಏಡಿಗಳು ಸೇರಿರುವ ಕಠಿಣಚರ್ಮಿಗಳ ವರ್ಗಕ್ಕೆ, ಅದರಲ್ಲಿಯೂ ‘ಕೋಪಿಪಾಡ್’ ಎಂಬ ಗುಂಪಿಗೆ ಸೇರಿದ ಪ್ರಾಣಿ. ಗ್ರೀಕ್ ಮೂಲದ ಆ ಹೆಸರಿಗೆ ‘ಹುಟ್ಟಿನಂತಹ ಕಾಲುಳ್ಳದ್ದು’ ಎಂದು ಅರ್ಥ. ಹರಿಗೋಲಿಗೆ ಹುಟ್ಟು ಹಾಕುವ ತುಂಗಭದ್ರೆಯ ದಂಡೆಯಲ್ಲಿ ಇದನ್ನು ‘ಹುಟ್ಟುಗಾಲಿ’ ಎಂದು ಕರೆದರೆ ಯಾರಿಗೂ ತೊಡಕಾಗಲಾರದು. ಹುಟ್ಟುಗಾಲಿಯೊಂದು ಹುಳುವೆಂದು ಏಕೆ ಕಂಡಿತು, ಆ ಕಾಣ್ಕೆ ಹೇಗೆ ತಿದ್ದಿಹೋಯಿತು, ತಿದ್ದಿದ ಅರಿವು ನಮ್ಮ ನದಿಗೆ ಯಾವ ಹಾದಿಯಲ್ಲಿ ಬಂದಿತು, ಹಳೆಯ ತಪ್ಪು ಹೆಸರಿನಲ್ಲಿ ಉಳಿದುದರಿಂದ ಆಗುವ ನಷ್ಟವೇನು – ಈ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

೨. ಹುಳುವೆಂದು ಬಗೆದ ಕಾಲ

ಸ್ವೀಡನ್ನಿನ ನಿಸರ್ಗವಿಜ್ಞಾನಿ ಲಿನೇಯಸ್ ೧೭೫೮ರಲ್ಲಿ ತನ್ನ ‘ಸಿಸ್ಟೆಮ ನ್ಯಾಚುರೆ’ ಗ್ರಂಥದ ಹತ್ತನೆಯ ಆವೃತ್ತಿಯನ್ನು ಪ್ರಕಟಿಸಿದನು. ಪ್ರಾಣಿಗಳ ಇಮ್ಮಡಿ ಹೆಸರಿನ ಪದ್ಧತಿ ಅಲ್ಲಿಂದಲೇ ಆರಂಭವೆಂದು ವಿದ್ವತ್ ಲೋಕ ಒಪ್ಪಿದೆ. ಅದೇ ಆವೃತ್ತಿಯಲ್ಲಿ ಲರ್ನಿಯ ಕುಲವೂ ಇದೆ. ಗ್ರೀಕ್ ಪುರಾಣದಲ್ಲಿ ಬಹುಶಿರಗಳ ಹೈಡ್ರ ವಾಸಿಸುತ್ತಿದ್ದ ಲರ್ನ ಎಂಬ ಜೌಗಿನ ಹೆಸರನ್ನು ಈ ಕುಲ ನೆನಪಿಸುತ್ತದೆ. ಲಿನೇಯಸನು ಇದನ್ನು ಕೀಟ, ಏಡಿಗಳ ಜೊತೆಯಲ್ಲಿ ಇರಿಸಲಿಲ್ಲ. ‘ವರ್ಮೀಸ್’ ಅಂದರೆ ಹುಳುಗಳ ವರ್ಗದಲ್ಲಿ ಇರಿಸಿದನು.

ಆ ಕುಲದಡಿಯಲ್ಲಿ ಅವನು ಮೂರು ಪ್ರಭೇದಗಳನ್ನು ಹೆಸರಿಸಿದನು: ಗೆಂಡೆ ವರ್ಗದ ಮೀನಿನ ಮೇಲಿನ ‘ಸಿಪ್ರಿನೇಸಿಯ’, ಕಡಲಮೀನಿನ ಮೇಲಿನ ‘ಅಸೆಲಿನ’ ಮತ್ತು ಸಾಲ್ಮನ್ ಮೀನಿನ ಮೇಲಿನ ‘ಸಾಲ್ಮೋನಿಯ’. ಇಂದಿನ ವರ್ಗೀಕರಣದಲ್ಲಿ ಈ ಮೂರೂ ಬೇರೆ ಬೇರೆ ಕುಟುಂಬಗಳಿಗೆ ಸೇರಿವೆ. ಮೊದಲನೆಯದು ಮಾತ್ರ ಲರ್ನಿಯವಾಗಿ ಉಳಿದಿದೆ. ಮೂರನ್ನೂ ಒಂದೇ ಕುಲದಲ್ಲಿ ಸೇರಿಸಲು ಇದ್ದ ಆಧಾರ, ಅವು ಮೀನಿಗೆ ಅಂಟಿಕೊಂಡು ಜೋತಾಡುವ ಮೆತ್ತನೆಯ ಜೀವಿಗಳು ಎಂಬ ಹೊರನೋಟ. ಪರಾವಲಂಬಿ ಬಾಳು ಭಿನ್ನ ವಂಶದ ಜೀವಿಗಳಿಗೆ ಒಂದೇ ಬಗೆಯ ವೇಷವನ್ನು ತೊಡಿಸುತ್ತದೆ ಎಂಬುದು ಆಗ ತಿಳಿದಿರಲಿಲ್ಲ.

ಇದನ್ನು ಲಿನೇಯಸನ ಅಲಕ್ಷ್ಯವೆಂದು ಹೇಳುವುದು ನ್ಯಾಯವಲ್ಲ. ಬೆಳೆದ ಹೆಣ್ಣು ಲರ್ನಿಯವನ್ನು ಬರಿಗಣ್ಣಿನಿಂದ ನೋಡಿದವರಿಗೆ ದೇಹದ ಖಂಡಗಳಾಗಲಿ, ಕೀಲುಳ್ಳ ಕಾಲುಗಳಾಗಲಿ, ಗಡಸು ಕವಚವಾಗಲಿ ಕಾಣುವುದಿಲ್ಲ. ಒಂದೆರಡು ಸೆಂಟಿಮೀಟರಿನಷ್ಟು ಉದ್ದದ ನಸುಬಿಳಿಯ ದಾರವೊಂದು ಮೀನಿನ ಹುರುಪೆಯ ಸಂದಿನಿಂದ ಹೊರಟಂತೆ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತುಲನಾತ್ಮಕ ಅಂಗರಚನಾಶಾಸ್ತ್ರದ ಪ್ರವರ್ತಕನಾದ ಕುವಿಯೆ ಕೂಡ ಇಂತಹ ಜೀವಿಗಳನ್ನು ಕರುಳುಹುಳುಗಳ ಸಾಲಿನಲ್ಲಿಯೇ ಇರಿಸಿದ್ದನು. ಬೆಳೆದ ದೇಹವೊಂದನ್ನೇ ಸಾಕ್ಷಿಯಾಗಿ ಸ್ವೀಕರಿಸಿದರೆ ಪಂಡಿತನೂ ಪಾಮರನೂ ಒಂದೇ ತೀರ್ಮಾನಕ್ಕೆ ಬರುತ್ತಾರೆ ಎಂಬುದನ್ನು ಇಲ್ಲಿ ಗಮನಿಸಬಹುದು.

೩. ಮರಿಯ ಸಾಕ್ಷ್ಯ

ತೀರ್ಮಾನವನ್ನು ಬದಲಿಸಿದ್ದು ಬೆಳೆದ ಪ್ರಾಣಿಯಲ್ಲ, ಅದರ ಮರಿ. ಡೆನ್ಮಾರ್ಕಿನ ಓ. ಎಫ್. ಮ್ಯೂಲರ್ ೧೭೮೫ರ ತನ್ನ ಗ್ರಂಥದಲ್ಲಿ ಕೆರೆಕೊಳಗಳ ಸೂಕ್ಷ್ಮ ಕಠಿಣಚರ್ಮಿಗಳನ್ನು ವರ್ಣಿಸಿದಾಗ ‘ಸೈಕ್ಲಾಪ್ಸ್’ ಮತ್ತು ‘ನಾಪ್ಲಿಯಸ್’ ಎಂಬವು ಎರಡು ಬೇರೆ ಕುಲಗಳೆಂದು ತಿಳಿದಿದ್ದನು. ಜಿನೀವದ ಲೂಯಿ ಜುರಿನ್‌ನ ೧೮೨೦ರ ಕೃತಿಯು ಮೊಟ್ಟೆಯಿಂದ ಹೊರಬಂದ ಸೈಕ್ಲಾಪ್ಸ್ ಮರಿ ಹಂತಹಂತವಾಗಿ ಪೊರೆ ಕಳಚುತ್ತ ಬೆಳೆಯುವುದನ್ನು ವಿವರಿಸಿತು. ಮ್ಯೂಲರನು ಕುಲವೆಂದು ಎಣಿಸಿದ ನಾಪ್ಲಿಯಸ್ ಒಂದು ಮರಿಹಂತ ಮಾತ್ರ ಎಂಬುದು ಹೀಗೆ ಸ್ಥಿರವಾಯಿತು. ಮೂರು ಜೊತೆ ಅವಯವಗಳು ಮತ್ತು ನಡುವೆ ಒಂದೇ ಕಣ್ಣು ಈ ಹಂತದ ಗುರುತು.

ಅನಂತರದ ಹೆಜ್ಜೆ ಫಿನ್‌ಲೆಂಡ್ ಮೂಲದ ಅಲೆಕ್ಸಾಂಡರ್ ಫಾನ್ ನೋರ್ಡ್‌ಮನ್ನನದು. ೧೮೩೨ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾದ ತನ್ನ ಸೂಕ್ಷ್ಮದರ್ಶಕ ಅಧ್ಯಯನದಲ್ಲಿ ಅವನು ಮೀನಿನ ಪರಾವಲಂಬಿಗಳ ಮೊಟ್ಟೆಗಳಿಂದ ಹೊರಬಂದ ಮರಿಗಳನ್ನು ಚಿತ್ರಿಸಿ ವಿವರಿಸಿದನು. ಹುಳುವಿನಂತಿದ್ದ ತಾಯಿಯ ಮೊಟ್ಟೆಯಿಂದ ಹುಳು ಹೊರಬರಲಿಲ್ಲ. ಸೈಕ್ಲಾಪ್ಸ್‌ನ ಮರಿಯನ್ನು ಹೋಲುವ ನಾಪ್ಲಿಯಸ್ ಹೊರಬಂದಿತು. ಮಿಲ್ನ್ ಎಡ್ವರ್ಡ್ಸ್ ೧೮೪೦ರ ವೇಳೆಗೆ ಪೂರ್ಣಗೊಳಿಸಿದ ಕಠಿಣಚರ್ಮಿಗಳ ಬೃಹತ್ ಗ್ರಂಥದಲ್ಲಿ ಈ ಜೀವಿಗಳಿಗೆ ಸಹಜವಾಗಿಯೇ ಸ್ಥಾನ ದೊರೆಯಿತು. ೧೭೫೮ರ ತೀರ್ಪು ತಿದ್ದಿಹೋಗಲು ಮುಕ್ಕಾಲು ಶತಮಾನ ಹಿಡಿಯಿತು.

ಲರ್ನಿಯ ಕುಲವನ್ನೇ ಕೇಂದ್ರವಾಗಿರಿಸಿಕೊಂಡು ಅಮೆರಿಕದ ಸಿ. ಬಿ. ವಿಲ್ಸನ್ ೧೯೧೭ರಲ್ಲಿ ಅದರ ಆರ್ಥಿಕ ಸಂಬಂಧ, ಅಂಗರಚನೆ ಮತ್ತು ಜೀವನವೃತ್ತವನ್ನು ಕುರಿತ ವಿಸ್ತೃತ ಅಧ್ಯಯನವನ್ನು ಪ್ರಕಟಿಸಿದನು. ಅಂದಿನಿಂದ ಈ ಜೀವಿ ಪ್ರಾಣಿಶಾಸ್ತ್ರಜ್ಞರ ಕುತೂಹಲದ ವಸ್ತುವಷ್ಟೇ ಆಗಿ ಉಳಿಯದೆ ಮೀನುಸಾಕಣೆಯ ಸಮಸ್ಯೆಯೂ ಆಯಿತು.

೪. ದೇಹವೆಂಬ ದಾಖಲೆ

ಲರ್ನಿಯದ ಬಾಳು ಮೂರು ನಾಪ್ಲಿಯಸ್ ಹಂತಗಳು, ಐದು ಕೋಪಿಪಾಡಿಡ್ ಹಂತಗಳು ಮತ್ತು ಪ್ರೌಢಾವಸ್ಥೆ ಎಂದು ವಿಭಾಗವಾಗಿದೆ. ನಾಪ್ಲಿಯಸ್ ನೀರಿನಲ್ಲಿ ಸ್ವತಂತ್ರವಾಗಿ ಈಜುತ್ತದೆ. ಕೋಪಿಪಾಡಿಡ್ ಮೀನಿನ ಕಿವಿರು ಅಥವಾ ಚರ್ಮವನ್ನು ಆಶ್ರಯಿಸುತ್ತದೆ, ಆದರೆ ಇನ್ನೂ ನೆಟ್ಟುಕೊಂಡಿರುವುದಿಲ್ಲ. ಗಂಡು ಹೆಣ್ಣುಗಳ ಕೂಟ ನಡೆಯುವವರೆಗೆ ಎರಡೂ ಸೈಕ್ಲಾಪ್ಸ್ ಆಕಾರದಲ್ಲಿಯೇ ಇರುತ್ತವೆ. ಕೂಡಿದ ಬಳಿಕ ಗಂಡಿನ ಬಾಳು ಮುಗಿಯುತ್ತದೆ. ಹೆಣ್ಣು ಮಾತ್ರ ಮೀನಿನ ಮಾಂಸದೊಳಕ್ಕೆ ತಲೆಯನ್ನು ತೂರಿಸಿ, ಆ ಸ್ಥಳದಲ್ಲಿಯೇ ಪೂರ್ಣವಾಗಿ ಮಾರ್ಪಡುತ್ತದೆ. ಬೆಚ್ಚನೆಯ ನೀರಿನಲ್ಲಿ ಈ ಇಡೀ ಚಕ್ರ ಸುಮಾರು ಮೂರು ವಾರಗಳಲ್ಲಿ ಪೂರ್ಣಗೊಳ್ಳಬಲ್ಲದು. ಬೇರೊಂದು ಮಧ್ಯವರ್ತಿ ಜೀವಿಯ ಅಗತ್ಯ ಇದಕ್ಕಿಲ್ಲ.

ಮಾರ್ಪಟ್ಟ ಹೆಣ್ಣಿನಲ್ಲಿ ನಾಲ್ಕು ಭಾಗಗಳನ್ನು ಗುರುತಿಸಬಹುದು. ಮೊದಲನೆಯದು ಮಾಂಸದೊಳಗೆ ಹುದುಗಿದ ಲಂಗರು. ಇದು ಸಾಮಾನ್ಯವಾಗಿ ಎರಡು ಜೊತೆ ಮೆತ್ತನೆಯ ಕೊಂಬುಗಳಿಂದಾದುದು. ಬೆನ್ನಿನ ಕಡೆಯ ಜೊತೆ ಕವಲೊಡೆದಿರುತ್ತದೆ, ಹೊಟ್ಟೆಯ ಕಡೆಯದು ಸರಳವಾಗಿರುತ್ತದೆ. ಕೊಂಬುಗಳ ನಡುವೆ ಗುಂಡುಸೂಜಿಯ ತಲೆಯಂತಹ ಪುಟ್ಟ ಶಿರಭಾಗವಿದ್ದು, ಅದರಲ್ಲಿ ಬಾಯಿ, ಎರಡು ಜೊತೆ ಸ್ಪರ್ಶಕಗಳು ಮತ್ತು ಅಂಗಾಂಶವನ್ನು ಹರಿಯುವ ಬಾಯವಯವಗಳು ಇರುತ್ತವೆ. ಎರಡನೆಯದು ಕೊರಳು, ಮೂರನೆಯದು ಕೊಳವೆಯಾಕಾರದ ಮುಂಡ. ಇವುಗಳ ಉದ್ದಕ್ಕೂ ನೇರವಾದ ಅನ್ನನಾಳ ಹಾದುಹೋಗುತ್ತದೆ. ಈ ಪ್ರಾಣಿಗೆ ಹೃದಯವಿಲ್ಲ. ಸ್ನಾಯುಗಳ ಮತ್ತು ಅನ್ನನಾಳದ ಚಲನೆಯೇ ದೇಹದ್ರವವನ್ನು ಕದಲಿಸುತ್ತದೆ. ನಾಲ್ಕನೆಯದು ಮೋಟಾದ ಉದರ. ಅದರ ಮುಂದೆ ಇರುವ ಜನನಾಂಗದ ರಂಧ್ರಗಳಿಂದ ಎರಡು ಮೊಟ್ಟೆಚೀಲಗಳು ಹೊರಗೆ ಇಳಿಬಿದ್ದಿರುತ್ತವೆ. ಬರಿಗಣ್ಣಿಗೆ ಬಾಲದಂತೆ ಕಾಣುವುದು ಈ ಚೀಲಗಳೇ.

ಹುಟ್ಟುಗಾಲಿಯ ಗುರುತಾದ ಕಾಲುಗಳು ಏನಾದವು? ಅವು ಕಳೆದುಹೋಗಿಲ್ಲ. ಈಜುತ್ತಿದ್ದ ಹರೆಯದಲ್ಲಿ ಒತ್ತೊತ್ತಾಗಿದ್ದ ಕಾಲುಗಳು ಅದೇ ಅಳತೆಯಲ್ಲಿ ಉಳಿದಿರುತ್ತವೆ. ಅವುಗಳ ನಡುವಿನ ಮೈ ಮಾತ್ರ ಹಲವು ಪಟ್ಟು ಹಿಗ್ಗಿರುತ್ತದೆ. ಆದ್ದರಿಂದ ಮುಂಡದ ಉದ್ದಕ್ಕೂ ದೂರದೂರದಲ್ಲಿ, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಂತೆ, ಕವಲೊಡೆದ ನಾಲ್ಕು ಜೊತೆ ಕಾಲುಗಳೂ ಅವುಗಳ ಹಿಂದೆ ಇನ್ನೂ ಕುಗ್ಗಿದ ಅವಶೇಷಗಳೂ ಚದುರಿರುತ್ತವೆ. ಹಂಪಿಯ ಅಧ್ಯಯನಕಾರರಿಗೆ ಇಂತಹ ಸ್ಥಿತಿ ಹೊಸದಲ್ಲ. ಮಂಟಪ, ಪ್ರಾಕಾರ, ಗೋಪುರಗಳು ಸೇರಿ ಬೆಳೆದ ದೇವಾಲಯದ ನಡುವೆ ಮೂಲ ಗರ್ಭಗುಡಿಯ ಕಾಲವನ್ನು ಹೇಳುವ ಸಣ್ಣ ಬರೆಹ ಹಾಗೆಯೇ ಉಳಿದಿರುತ್ತದೆ. ಲರ್ನಿಯದ ಕಾಲುಗಳು ಅಂತಹ ಬರೆಹ. ಈಜಲು ಅವುಗಳಿಂದ ಪ್ರಯೋಜನವಿಲ್ಲ. ಆದರೆ ವಂಶವನ್ನು ಹೇಳುವ ಸಾಕ್ಷ್ಯ ಅವುಗಳಲ್ಲಿದೆ.

ಲಂಗರಿನ ವಿಷಯ ಇದಕ್ಕೆ ವ್ಯತಿರಿಕ್ತ. ಎಲ್ಲಕ್ಕಿಂತ ಎದ್ದುಕಾಣುವ ಅಂಗ ಅದೇ ಆದುದರಿಂದ ಅನೇಕ ಪ್ರಭೇದಗಳನ್ನು ಅದರ ಆಕಾರದ ಮೇಲೆಯೇ ಸ್ಥಾಪಿಸಲಾಗಿದೆ. ಆದರೆ ಕೊಂಬುಗಳು ಬೆಳೆಯುವುದು ಮಾಂಸವನ್ನು ಹೊಕ್ಕ ಮೇಲೆ. ಎಲುಬು ಅಡ್ಡಬಂದರೆ ಒಂದು ಆಕಾರ, ಮೆತ್ತನೆಯ ಮಾಂಸ ದೊರೆತರೆ ಇನ್ನೊಂದು ಆಕಾರ. ಹೀಗೆ ಎದ್ದುಕಾಣುವ ಅಂಗ ಸನ್ನಿವೇಶದ ಕಥೆಯನ್ನೂ, ಕಣ್ಣಿಗೆ ಬೀಳದ ಅಂಗ ವಂಶದ ಕಥೆಯನ್ನೂ ಹೇಳುತ್ತವೆ. ಪ್ರಭೇದಗಳನ್ನು ನಿರ್ಣಯಿಸುವವರು ಈ ಭೇದವನ್ನು ಮರೆಯುವಂತಿಲ್ಲ.

೫. ಕನ್ನಡ ನಾಡಿನ ನೀರಿಗೆ

ಮೀನುಗಳ ಬಗೆಗಿನ ಅರಿವು ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವನ್ನು ಕುರಿತ ಭಾಗವಿದೆ. ಹನ್ನೆರಡನೆಯ ಶತಮಾನದ ಈ ಸಂಸ್ಕೃತ ಕೃತಿ ಮೀನುಗಳನ್ನು ಅವುಗಳ ನೆಲೆ, ಹುರುಪೆಯ ಇರವು, ಗಾತ್ರ ಮೊದಲಾದವುಗಳಿಂದ ವಿಂಗಡಿಸಿ, ಅವಕ್ಕೆ ಒಡ್ಡುವ ಆಹಾರ, ಗಾಳ, ದಾರಗಳನ್ನು ವಿವರಿಸುತ್ತದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಭಾಗವನ್ನು ಕುರಿತು ಬರೆದು ಅದರತ್ತ ವಿಜ್ಞಾನಿಗಳ ಗಮನವನ್ನು ಸೆಳೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಸೈಕ್ಸ್, ಜೆರ್ಡನ್, ಫ್ರಾನ್ಸಿಸ್ ಡೇ ಮೊದಲಾದವರು ದಖ್ಖನ್ ಹಾಗೂ ದಕ್ಷಿಣ ಭಾರತದ ಮೀನುಗಳನ್ನು ಹೊಸ ಪದ್ಧತಿಯಲ್ಲಿ ದಾಖಲಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸಿದ ಸಿ. ಆರ್. ನಾರಾಯಣರಾಯರು ೧೯೨೦ರಲ್ಲಿ ಮೈಸೂರು ಸೀಮೆಯ ಗೆಂಡೆ ವರ್ಗದ ಹೊಸ ಮೀನುಗಳನ್ನು ವರ್ಣಿಸಿದರು.

ಮೀನಿಗೆ ಹೆಸರು ದೊರೆತ ಬಹುಕಾಲದ ಮೇಲೆ ಅದರ ಮೈಮೇಲಿನ ಜೀವಿಗೆ ಹೆಸರು ದೊರೆಯಿತು. ಪಶ್ಚಿಮ ಕರಾವಳಿಯಲ್ಲಿ ಈ ಕಾರ್ಯ ಕಡಲಮೀನುಗಳಿಂದ ಮೊದಲಾಯಿತು. ಬ್ಯಾಸೆಟ್-ಸ್ಮಿತ್ ೧೮೯೮ರಲ್ಲಿ ಮುಂಬಯಿಯ ಮೀನುಗಳ ಮೇಲಿನ ಪರಾವಲಂಬಿ ಹುಟ್ಟುಗಾಲಿಗಳನ್ನು ವರ್ಣಿಸಿದನು. ಕೇರಳದ ಎನ್. ಕೃಷ್ಣ ಪಿಳ್ಳೈ ಅವರು ದಶಕಗಳ ಪರಿಶ್ರಮದಿಂದ ಸಿದ್ಧಪಡಿಸಿದ ಭಾರತದ ಕಡಲಮೀನುಗಳ ಪರಾವಲಂಬಿ ಹುಟ್ಟುಗಾಲಿಗಳ ಸಂಪುಟವನ್ನು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ ೧೯೮೫ರಲ್ಲಿ ಪ್ರಕಟಿಸಿತು. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತಣ ಹವಳದ ನೆಲೆಯ ಮೀನುಗಳ ಮೇಲಿನ ಈ ಬಗೆಯ ಜೀವಿಗಳನ್ನು ಗುರುತಿಸಲು ಬಯಸುವವರಿಗೆ ಇಂದಿಗೂ ಅದು ಮೊದಲ ಆಕರ. ಕಡಲಿನ ಹಲವು ಪ್ರಭೇದಗಳಲ್ಲಿ ಬಾಯಿ ಹೀರುಕೊಳವೆಯಾಗಿ ಮಾರ್ಪಟ್ಟಿದೆ. ಲರ್ನಿಯದಲ್ಲಿ ಅಂತಹ ಕೊಳವೆಯಿಲ್ಲ. ಹೊರರೂಪ ಒಂದೇ ಬಗೆಯಾಗಿದ್ದರೂ ವಂಶ ಬೇರೆ ಎಂಬುದಕ್ಕೆ ಇದೂ ಒಂದು ನಿದರ್ಶನ.

ಸಿಹಿನೀರಿನ ಲರ್ನಿಯದ ವಿಷಯದಲ್ಲಿ ಮದರಾಸಿನ ಸಿ. ಪಿ. ಜ್ಞಾನಮುತ್ತು ಅವರು ೧೯೫೧ರಲ್ಲಿ ‘ಲರ್ನಿಯ ಚಾಕೋಯೆನ್ಸಿಸ್’ ಎಂಬ ಪ್ರಭೇದವನ್ನು ಸ್ಥಾಪಿಸಿದರು. ಕರ್ನಾಟಕದ ಮಟ್ಟಿಗೆ ಮಹತ್ವದ ಹೆಸರು ‘ಲರ್ನಿಯ ಭದ್ರಾಯೆನ್ಸಿಸ್’. ೧೯೬೯ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯದ ಎಸ್. ಎಲ್. ಶಾನಭೋಗ ಮತ್ತು ಅವರೊಡನೆ ಕೆಲಸ ಮಾಡಿದ ಕೆ. ಕೆ. ತಮುಲಿ ಅವರು ಸಾಕಣೆಯ ಗೆಂಡೆಗಳನ್ನು ಬಾಧಿಸುವ ಈ ಜೀವಿಯ ಹಾವಳಿಯ ಪ್ರಮಾಣವನ್ನೂ ಅದರ ನಿಯಂತ್ರಣವನ್ನೂ ಕುರಿತ ಲೇಖನಗಳನ್ನು ೧೯೯೦ರ ದಶಕದಲ್ಲಿ ಪ್ರಕಟಿಸಿದರು. ಕೂಡಲಿಯಲ್ಲಿ ತುಂಗೆಯನ್ನು ಸೇರಿ ಮುಂದೆ ಹೊಸಪೇಟೆ, ಹಂಪಿ, ಬುಕ್ಕಸಾಗರಗಳನ್ನು ಮುಟ್ಟುವ ನದಿಯ ಹೆಸರು ಹೀಗೆ ಪ್ರಾಣಿಶಾಸ್ತ್ರದ ಲ್ಯಾಟಿನ್ ಪಟ್ಟಿಯಲ್ಲಿ ಸೇರಿತು.

ಇದು ಮೀನುಕೊಳದ ಕಾಲದಲ್ಲಿ ಆದುದು ಆಕಸ್ಮಿಕವಲ್ಲ. ವಿಜಯನಗರ ಕಾಲದ ತಗ್ಗು ಅಣೆಗಳು ತುಂಗಭದ್ರೆಯ ನೀರನ್ನು ಕಾಲುವೆಗಳಿಗೆ ತಿರುಗಿಸಿದುವೇ ಹೊರತು ನದಿಯನ್ನು ನಿಲ್ಲಿಸಲಿಲ್ಲ. ೧೯೪೫ರಲ್ಲಿ ಅಡಿಗಲ್ಲು ಕಂಡ ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ನೀರನ್ನು ತಡೆಹಿಡಿದಾಗ ಸುಮಾರು ೩೭೮ ಚದರ ಕಿಲೋಮೀಟರಿನಷ್ಟು ನಿಂತ ನೀರಿನ ಹರವು ಉಂಟಾಯಿತು. ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನ ಸಂಸ್ಥೆಯ ಎ. ಡೇವಿಡ್ ಮತ್ತು ಸಂಗಡಿಗರು ಈ ಜಲಾಶಯದ ನೀರಿನ ಗುಣ ಹಾಗೂ ಮೀನುಗಾರಿಕೆಯನ್ನು ಕುರಿತು ನಡೆಸಿದ ಅಧ್ಯಯನ ೧೯೬೯ರಲ್ಲಿ ಪ್ರಕಟವಾಯಿತು. ಒಡಿಶಾದಲ್ಲಿ ೧೯೫೭ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಞ್ಞಿ ಅವರು ಚುಚ್ಚುಮದ್ದಿನ ಮೂಲಕ ಗೆಂಡೆಗಳಿಂದ ಮೊಟ್ಟೆಯಿಡಿಸುವ ವಿಧಾನವನ್ನು ಸಾಧಿಸಿದರು. ಅದೇ ವರ್ಷ ಸಾಮಾನ್ಯ ಗೆಂಡೆಯ ಬ್ಯಾಂಕಾಕ್ ತಳಿ ಭಾರತಕ್ಕೆ ಬಂದಿತು. ಆ ಬಳಿಕ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳ ಮರಿಗಳು ಕೇಂದ್ರದಿಂದ ಕೆರೆಗೆ, ಕೆರೆಯಿಂದ ಕೊಳಕ್ಕೆ ಸಾಗತೊಡಗಿದವು. ನಿಂತ ನೀರು, ಬೆಚ್ಚನೆಯ ಹವೆ, ಒತ್ತೊತ್ತಾದ ಮೀನು – ಲರ್ನಿಯದ ಬೆಳವಣಿಗೆಗೆ ಬೇಕಾದ ಮೂರೂ ಸಿದ್ಧವಾದವು. ಮೀನುಮರಿಯ ಕಿವಿರಿನಲ್ಲಿ ಅಡಗಿದ ಕೋಪಿಪಾಡಿಡ್ ಕಣ್ಣಿಗೆ ಕಾಣದೆ ಮರಿಯೊಡನೆಯೇ ಪ್ರಯಾಣ ಮಾಡಬಲ್ಲದು. ಪರಾವಲಂಬಿಯ ಹರಹಿನ ಚರಿತ್ರೆ ಹೀಗೆ ಮನುಷ್ಯನು ನೀರನ್ನೂ ಮೀನನ್ನೂ ಕದಲಿಸಿದ ಚರಿತ್ರೆಯೇ ಆಗಿದೆ.

೬. ಹೆಸರು ಮತ್ತು ಹೊಣೆ

ಸೂಕ್ಷ್ಮ ಹುಟ್ಟುಗಾಲಿಗಳ ಅರಿವು ಈ ಪ್ರದೇಶದ ಜನರ ಬಾಳಿಗೆ ಹೊರಗಿನದು ಎಂದು ಭಾವಿಸಬಾರದು. ನಾರುಹುಣ್ಣಿನ ಮರಿಹುಳು ಕುಡಿಯುವ ನೀರಿನ ಸೈಕ್ಲಾಪ್ಸ್‌ನ ದೇಹದಲ್ಲಿ ಬೆಳೆಯುತ್ತದೆ ಎಂಬುದನ್ನು ರಷ್ಯದ ಫೆಡ್ಚೆಂಕೊ ೧೮೭೦ರ ಸುಮಾರಿಗೆ ಕಂಡುಹಿಡಿದನು. ಆ ರೋಗ ನೆಲೆಸಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನೀರನ್ನು ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲುಬಾವಿಗಳ ಬಳಕೆಯನ್ನು ತಡೆಯುವುದು ಮೊದಲಾದ ಸರಳ ಕ್ರಮಗಳಿಂದ ಅದು ಅಳಿದು, ೨೦೦೦ದಲ್ಲಿ ಭಾರತವು ರೋಗಮುಕ್ತವೆಂಬ ಮಾನ್ಯತೆಯನ್ನು ಪಡೆಯಿತು. ಅಲ್ಲಿ ಹುಳುವಿನ ಗೆಲುವು ಸೋಲುಗಳು ಹುಟ್ಟುಗಾಲಿಯನ್ನು ಅವಲಂಬಿಸಿದ್ದವು. ಹುಳುವನ್ನೂ ಹುಟ್ಟುಗಾಲಿಯನ್ನೂ ಬೇರ್ಪಡಿಸಿ ತಿಳಿದುದರಿಂದಲೇ ನಿವಾರಣೆಯ ದಾರಿ ಕಂಡಿತು.

ಲಂಗರುಹುಳುವಿನ ವಿಷಯದಲ್ಲಿಯೂ ಇಂತಹ ವಿವೇಚನೆ ಬೇಕು. ಹುಳುವೆಂದು ತಿಳಿದವನು ಹುಳುವಿನ ಮದ್ದನ್ನು ಹುಡುಕುತ್ತಾನೆ. ಹೊರಗೆ ಕಾಣುವ ದಾರವನ್ನು ಕಿತ್ತರೆ ಕೆಲಸ ಮುಗಿಯಿತೆಂದು ಭಾವಿಸುತ್ತಾನೆ. ಆದರೆ ತಲೆ ಮಾಂಸದಲ್ಲಿಯೇ ಉಳಿದು ಗಾಯ ಕೊಳೆಯಬಹುದು. ಮೀನಿನ ಮಾಂಸವೇ ರಕ್ಷೆಯಾದುದರಿಂದ ನೆಟ್ಟುಕೊಂಡ ಹೆಣ್ಣಿಗೆ ನೀರಿಗೆ ಹಾಕಿದ ಔಷಧ ಸುಲಭವಾಗಿ ತಾಗುವುದಿಲ್ಲ. ದುರ್ಬಲ ಹಂತ ಈಜುವ ಮರಿಯದು. ಕಠಿಣಚರ್ಮಿಯಾದುದರಿಂದ ಅದು ಪೊರೆ ಕಳಚದೆ ಬೆಳೆಯಲಾರದು. ಪೊರೆಯ ರಚನೆಯನ್ನು ತಡೆಯುವ ರಾಸಾಯನಿಕಗಳು ಕೆಲಸ ಮಾಡುವುದು ಈ ಅಂಗರಚನೆಯ ಕಾರಣದಿಂದ. ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲವಾದ್ದರಿಂದ ಚಿಕಿತ್ಸೆಯನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ನೋರ್ಡ್‌ಮನ್ನನು ೧೮೩೨ರಲ್ಲಿ ಮರಿಯಲ್ಲಿ ಕಂಡ ಸತ್ಯ ಇಂದಿನ ಮೀನುಸಾಕಣೆದಾರನಿಗೆ ನೇರವಾಗಿ ಸಂಬಂಧಿಸಿದ್ದು.

ಇದೇ ಅರಿವು ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಲರ್ನಿಯದ ಮರಿಯನ್ನು ಕೊಲ್ಲುವ ವಸ್ತು ಅದರ ಬಳಗವಾದ ಸಿಗಡಿ, ಏಡಿ, ಸೈಕ್ಲಾಪ್ಸ್‌ಗಳಿಗೂ ಮಾರಕ. ಅಣೆಕಟ್ಟಿನ ಕೆಳಗಣ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು ೩೪ ಕಿಲೋಮೀಟರ್ ಉದ್ದದ ನದೀಪಾತ್ರವನ್ನು ೨೦೧೫ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಬುಕ್ಕಸಾಗರದ ದಂಡೆ ಈ ಹರಹಿನಲ್ಲಿಯೇ ಇದೆ. ಮೀನು, ಏಡಿಗಳನ್ನು ತಿಂದು ಬದುಕುವ ನೀರುನಾಯಿಯ ನೆಲೆಗೆ ಮೀನುಕೊಳದ ಔಷಧದ ನೀರು ಸೇರಿದರೆ ಪರಾವಲಂಬಿಗೆ ಒಡ್ಡಿದ ವಿಷ ನದಿಗೆ ಒಡ್ಡಿದಂತಾಗುತ್ತದೆ. ಹೊಸ ಮರಿಗಳನ್ನು ಕೆಲವು ಕಾಲ ಬೇರೆಯಾಗಿ ಇರಿಸಿ ಪರೀಕ್ಷಿಸುವುದು, ಕೊಳದಲ್ಲಿ ಮೀನಿನ ಒತ್ತಡವನ್ನು ತಗ್ಗಿಸುವುದು, ಖಾಲಿ ಮಾಡಿದ ಕೊಳವನ್ನು ಒಣಗಿಸುವುದು ಇವು ಔಷಧಕ್ಕಿಂತ ಮೊದಲು ಬರಬೇಕಾದ ಕ್ರಮಗಳು. ಮೀನಿನ ಆಸರೆಯಿಲ್ಲದೆ ಮರಿ ಹೆಚ್ಚು ದಿನ ಬಾಳಲಾರದು ಎಂಬ ಅದರ ಜೀವನವೃತ್ತವೇ ಈ ಕ್ರಮಗಳಿಗೆ ಆಧಾರ.

ಸಂಶೋಧಕರ ಮುಂದೆ ಎರಡು ಕಾರ್ಯಗಳಿವೆ. ಮೊದಲನೆಯದು, ಭದ್ರೆಯಿಂದ ಕಂಪ್ಲಿಯವರೆಗಿನ ನದಿ, ಜಲಾಶಯ, ಕಾಲುವೆ, ಕೆರೆಗಳ ಲರ್ನಿಯ ಮಾದರಿಗಳನ್ನು ಕ್ರಮವಾಗಿ ಸಂಗ್ರಹಿಸಿ, ಲಂಗರಿನ ಆಕಾರವೊಂದನ್ನೇ ನೆಚ್ಚದೆ ಕಾಲುಗಳ ರಚನೆ ಹಾಗೂ ವಂಶವಾಹಿಗಳ ಹೋಲಿಕೆಯಿಂದ ಪ್ರಭೇದಗಳನ್ನು ನಿರ್ಣಯಿಸುವುದು. ಭದ್ರೆಯ ಹೆಸರನ್ನು ಹೊತ್ತ ಪ್ರಭೇದದ ಸ್ಥಾನವೂ ಅಂತಹ ಪರೀಕ್ಷೆಯಿಂದಲೇ ದೃಢವಾಗಬೇಕು. ಎರಡನೆಯದು, ಈ ಅರಿವನ್ನು ಬೆಸ್ತರಿಗೂ ಮೀನುಸಾಕಣೆದಾರರಿಗೂ ಎಟುಕುವ ಕನ್ನಡದಲ್ಲಿ ನಿಲ್ಲಿಸುವುದು.

‘ಲಂಗರುಹುಳು’ ಎಂಬ ಹೆಸರನ್ನು ತೆಗೆದುಹಾಕಬೇಕೆಂಬುದು ಈ ಪ್ರಬಂಧದ ಆಶಯವಲ್ಲ. ಅದು ಕಣ್ಣಾರೆ ಕಂಡವರು ಕೊಟ್ಟ ಹೆಸರು. ಲಿನೇಯಸನೂ ಅದನ್ನೇ ಕಂಡನು. ಆದರೆ ಕಂಡದ್ದು ಬೆಳೆದ ಹೆಣ್ಣಿನ ವೇಷವನ್ನು ಮಾತ್ರ ಎಂಬ ಮಾತನ್ನು ಆ ಹೆಸರಿನ ಪಕ್ಕದಲ್ಲಿ ಪ್ರತಿಯೊಂದು ಕೈಪಿಡಿಯೂ ಬರೆದಿಡಬೇಕು. ಆ ವೇಷದ ಒಳಗೆ ಈಜಲು ಬಾರದ, ಆದರೂ ಅಳಿಯದೆ ಉಳಿದ ಹುಟ್ಟುಗಾಲುಗಳಿವೆ. ಅವುಗಳನ್ನು ಓದಬಲ್ಲವರು ತುಂಗಭದ್ರೆಯ ಮೀನನ್ನೂ, ಮೀನನ್ನು ನಂಬಿದವರನ್ನೂ, ನದಿಯ ಉಳಿದ ಜೀವಿಗಳನ್ನೂ ಒಟ್ಟಿಗೆ ಕಾಯುವ ದಾರಿಯನ್ನು ಕಾಣಬಲ್ಲರು.